ಶುಂಠಿಯ ಬುಡದಲ್ಲಿ ಕೋರಂ

ಮಳೆಗಾಲದಲ್ಲಿ ಶಿವಮೊಗ್ಗ ಬಳಿಯ ತ್ಯಾವರೆಕೊಪ್ಪದ ಸಿಂಹಧಾಮ ದಾಟಿ ಆಯನೂರು, ಆನಂದಪುರದ ಕಡೆ ಹೊರಟರೆ ಅಡಿಕೆ, ಮೆಕ್ಕೆಜೋಳದ ನಡುವೆ ಶುಂಠಿ ಮಡಿಗಳು ಸಿಗುತ್ತವೆ. ಹೋದ ವಾರ ಹಸಿರಾಗಿ ನಿಂತಿದ್ದ ಮಡಿಯಲ್ಲಿ ಒಂದು ಬೆಳಿಗ್ಗೆ ಕೆಳಗಿನ ಎಲೆಗಳ ಅಂಚು ಸುರುಳಿ ಸುತ್ತಿರುತ್ತದೆ. ನಾಲ್ಕೈದು ದಿನದಲ್ಲಿ ಗಿಡ ಪೂರ್ತಿ ಬಾಡುತ್ತದೆ. ಮೆಲ್ಲಗೆ ಎಳೆದರೂ ಕಾಂಡ ಬುಡದಿಂದ ಕಳಚಿ ಕೈಗೆ ಬರುತ್ತದೆ.

ಇದು ಬರೀ ಕೊಳೆಯೋ, ದುಂಡಾಣು ಸೊರಗು ರೋಗವೋ ಎಂದು ತಿಳಿಯಲು ಗಾಜಿನ ಲೋಟ ಸಾಕು. ಕಾಂಡವನ್ನು ಅಡ್ಡಕ್ಕೆ ಕೊಯ್ದು ತಿಳಿನೀರಿನಲ್ಲಿ ಅಲುಗಿಸದೆ ಇಳಿಬಿಡಬೇಕು. ಕೆಲವೇ ನಿಮಿಷದಲ್ಲಿ ಕೊಯ್ದ ಬಾಯಿಂದ ಹಾಲಿನಂಥ ಬಿಳಿ ಎಳೆಯೊಂದು ನೂಲಿನ ಹಾಗೆ ಕೆಳಗಿಳಿಯುತ್ತದೆ. ತಳ ಮುಟ್ಟುವ ಹೊತ್ತಿಗೆ ನೀರು ಮಸುಕಾಗಿರುತ್ತದೆ. ಆ ಎಳೆಯಲ್ಲಿರುವುದು ರಾಲ್‌ಸ್ಟೋನಿಯಾ ಎಂಬ ದುಂಡಾಣು, ತನ್ನದೇ ಲೋಳೆಯಲ್ಲಿ ಅದ್ದಿಕೊಂಡು, ಕೋಟಿಗಟ್ಟಲೆ.

ಇಷ್ಟೊಂದು ದುಂಡಾಣು ಒಂದೇ ರಾತ್ರಿಯಲ್ಲಿ ಬಂದವಲ್ಲ. ಹಾಗಾದರೆ ಅಷ್ಟು ದಿನ ಗಿಡ ನಗುನಗುತ್ತಾ ನಿಂತಿದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಗಲು ನೂರು ವರ್ಷ ಹಿಡಿಯಿತು.

1896ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಎರ್ವಿನ್ ಸ್ಮಿತ್ ಟೊಮೆಟೊ, ಬದನೆ, ಆಲೂಗಡ್ಡೆಯ ಸೊರಗು ರೋಗಕ್ಕೆ ಈ ದುಂಡಾಣುವೇ ಕಾರಣ ಎಂದು ತೋರಿಸಿದರು. ದುಂಡಾಣುಗಳಿಂದ ಗಿಡಗಳಿಗೆ ರೋಗ ಬರುತ್ತದೆ ಎಂಬುದನ್ನೇ ಆಗ ಜರ್ಮನಿಯ ಸಸ್ಯವಿಜ್ಞಾನಿ ಆಲ್ಫ್ರೆಡ್ ಫಿಷರ್ ಒಪ್ಪುತ್ತಿರಲಿಲ್ಲ. ಸ್ಮಿತ್ ವರ್ಷಗಟ್ಟಲೆ ವಾದ ಮಾಡಬೇಕಾಯಿತು.

ಮುಂದಿನ ಸುಳಿವು ಸಿಕ್ಕಿದ್ದು ಸಸ್ಯರೋಗ ವಿಜ್ಞಾನಿ ಆರ್ಥರ್ ಕೆಲ್ಮನ್ ಅವರ ಪ್ರಯೋಗದ ತಟ್ಟೆಗಳಲ್ಲಿ. ಬಣ್ಣ ಬದಲಿಸುವ ಟೆಟ್ರಜೋಲಿಯಂ ಬೆರೆಸಿದ ಆಹಾರದ ಮೇಲೆ ಅವರು ಈ ದುಂಡಾಣುವನ್ನು ಬೆಳೆಸಿದರು. ರೋಗ ತರುವವು ನಡುವೆ ನಸುಗೆಂಪಾಗಿ, ಸುತ್ತ ಬೆಳ್ಳಗೆ, ಲೋಳೆಯಾಗಿ ಹರಡಿಕೊಂಡವು. ಅವುಗಳ ನಡುವೆ ಆಗಾಗ ಕಡುಕೆಂಪಾದ, ದುಂಡಗಿನ, ಲೋಳೆಯಿಲ್ಲದ ಚುಕ್ಕೆಗಳೂ ಏಳುತ್ತಿದ್ದವು. ಇವನ್ನು ಗಿಡಕ್ಕೆ ಚುಚ್ಚಿದರೆ ಗಿಡ ಬಾಡುತ್ತಿರಲಿಲ್ಲ. ಕೆಟ್ಟುಹೋದವೆಂದು ಬಿಸಾಡಬಹುದಾಗಿದ್ದ ಆ ಚುಕ್ಕೆಗಳನ್ನು ಕೆಲ್ಮನ್ ಗಮನವಿಟ್ಟು ನೋಡಿ 1954ರಲ್ಲಿ ಪ್ರಕಟಿಸಿದರು. ಒಂದೇ ಏಟಿಗೆ ಲೋಳೆಯೂ ಹೋಗಿದೆ, ರೋಗ ತರುವ ಶಕ್ತಿಯೂ ಹೋಗಿದೆ ಎಂದರೆ ಎರಡಕ್ಕೂ ಒಂದೇ ಕೀಲಿ ಇರಬೇಕಲ್ಲವೇ?

ಆ ಕೀಲಿ ಸಿಕ್ಕಿದ್ದು 1990ರಲ್ಲಿ. ಜಾರ್ಜಿಯಾ ವಿಶ್ವವಿದ್ಯಾಲಯದ ಟಿಮೊಥಿ ಡೆನ್ನಿ ಮತ್ತು ಸಂಗಡಿಗರು ಪಿಎಚ್‌ಸಿಎ ಎಂಬ ವಂಶವಾಹಿಯನ್ನು ಹಿಡಿದರು. ಅದೊಂದು ಕೆಟ್ಟರೆ ಕೆಂಪು ಚುಕ್ಕೆ. ಆದರೆ ಇನ್ನೊಂದು ಬಗೆಯ ದೋಷದ ದುಂಡಾಣು ಅವರನ್ನು ಅಚ್ಚರಿಗೊಳಿಸಿತು. ಒಂಟಿಯಾಗಿ ಬೆಳೆಸಿದರೆ ಅದು ಸಪ್ಪೆ. ಸರಿಯಾದ ದುಂಡಾಣುಗಳ ಪಕ್ಕದಲ್ಲಿ, ಒಂದನ್ನೊಂದು ಮುಟ್ಟದಂತೆ ಬೆಳೆಸಿದರೆ ಮತ್ತೆ ಲೋಳೆ ಕಟ್ಟುತ್ತಿತ್ತು. ನೆರೆಯವರಿಂದ ಆವಿಯಾಗಿ ಗಾಳಿಯಲ್ಲಿ ಏನೋ ಬಂದು ತಲುಪುತ್ತಿತ್ತು. 1994ರಲ್ಲಿ ಈ ಸಂಗತಿ ಹೊರಬಂತು. ಆ ವಸ್ತುವನ್ನು ಬೇರ್ಪಡಿಸಿ ಗುರುತಿಸಲು ಮತ್ತೆ ಮೂರು ವರ್ಷ ಬೇಕಾಯಿತು. 1997ರಲ್ಲಿ ಅದರ ಹೆಸರು ಗೊತ್ತಾಯಿತು: 3-ಹೈಡ್ರಾಕ್ಸಿ ಪಾಮಿಟಿಕ್ ಆಮ್ಲದ ಮೀಥೈಲ್ ಎಸ್ಟರ್. 16 ಇಂಗಾಲದ ಸರಪಳಿಯ ಒಂದು ಕೊಬ್ಬಿನ ತುಣುಕು.

ನೆರೆಯವರ ಸುಳಿವು ಹಿಡಿದು ದುಂಡಾಣು ನಡೆ ಬದಲಿಸುವುದನ್ನು ಹಾರ್ವರ್ಡ್‌ನಲ್ಲಿ ನೀಲ್ಸನ್, ಪ್ಲ್ಯಾಟ್ ಮತ್ತು ಹೇಸ್ಟಿಂಗ್ಸ್ ಎಂಬ ವಿಜ್ಞಾನಿಗಳು 1970ರಲ್ಲೇ ಕಂಡಿದ್ದರು. ಬೆಳಕು ಸೂಸುವ ಕಡಲಿನ ದುಂಡಾಣುಗಳು ಕೆಲವೇ ಇದ್ದಾಗ ಕತ್ತಲಲ್ಲಿರುತ್ತವೆ, ಗುಂಪು ದಟ್ಟವಾದಾಗ ಹೊತ್ತಿಕೊಳ್ಳುತ್ತವೆ. 1994ರಲ್ಲಿ ಫುಕ್ವಾ, ವಿನನ್ಸ್ ಮತ್ತು ಗ್ರೀನ್‌ಬರ್ಗ್ ಈ ನಡವಳಿಕೆಗೆ ಕೋರಂ ಸೆನ್ಸಿಂಗ್ ಎಂದು ಹೆಸರಿಟ್ಟರು. ಗ್ರಾಮಸಭೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಕಷ್ಟು ಜನ ಸೇರದೆ, ಅಂದರೆ ಕೋರಂ ಇಲ್ಲದೆ, ಠರಾವು ಆಗುವುದಿಲ್ಲ.

ಶುಂಠಿ ಮಡಿಯಲ್ಲೂ ಹಾಗೆಯೇ. ಬೇರು ಒಸರುವ ರಸದ ಜಾಡು ಹಿಡಿದು ದುಂಡಾಣು ಮಣ್ಣಿನ ತೇವದಲ್ಲಿ ಈಜಿ ಬರುತ್ತದೆ, ಬೇರಿಗೆ ಅಂಟಿಕೊಳ್ಳುತ್ತದೆ, ಗಾಯದೊಳಗೆ ನುಸುಳುತ್ತದೆ. ಪ್ರತಿಯೊಂದೂ ಆ ಎಸ್ಟರನ್ನು ಚೂರು ಚೂರೇ ಹೊರಬಿಡುತ್ತದೆ. ಒಂದು ಮಿಲಿಲೀಟರ್‌ಗೆ ಸುಮಾರು 1 ಕೋಟಿ ಸೇರಿದಾಗ ಎಸ್ಟರ್ ದಟ್ಟವಾಗಿ ಪಿಎಚ್‌ಸಿಎ ಎಚ್ಚರಗೊಳ್ಳುತ್ತದೆ. ಆಮೇಲೆ ಲೋಳೆ ಸುರಿಯುತ್ತದೆ, ನೀರು ಏರುವ ನಾಳ ಕಟ್ಟಿಕೊಳ್ಳುತ್ತದೆ, ಮಣ್ಣು ಹಸಿಯಿದ್ದರೂ ಗಿಡ ಬಾಯಾರಿ ಬಾಡುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೈಟ್ಲಿನ್ ಆ್ಯಲನ್ ಅವರ ತಂಡ 2017ರಲ್ಲಿ ಟೊಮೆಟೊ ಗಿಡದಲ್ಲಿ ಇದರ ಇನ್ನೊಂದು ಮುಖ ತೋರಿಸಿತು. ಪಿಎಚ್‌ಸಿಎ ಇಲ್ಲದ ದುಂಡಾಣು ಬೇರಿಗೆ ಇನ್ನೂ ಗಟ್ಟಿಯಾಗಿ ಅಂಟುತ್ತದೆ, ಆದರೆ ಒಳಗೆ ಹೋಗಿ ಬೆಳೆಯಲಾರದು. ಅಂಟುವ ಕಾಲ ಬೇರೆ, ಕೊಲ್ಲುವ ಕಾಲ ಬೇರೆ. ಎರಡರ ನಡುವಿನ ಕೀಲಿ ಒಂದೇ.

ಆ ಮಾತುಕತೆಯನ್ನೇ ಕೆಡಿಸಬಹುದೇ? 2007ರಲ್ಲಿ ಜಪಾನಿನ ವಿಜ್ಞಾನಿಗಳು ಐಡಿಯೊನೆಲ್ಲಾ ಎಂಬ ಬೇರೊಂದು ದುಂಡಾಣುವಿನಲ್ಲಿ ಈ ಎಸ್ಟರನ್ನು ಒಡೆಯುವ ಕಿಣ್ವ ಕಂಡರು. ಅದನ್ನು ಬೆರೆಸಿದಾಗ ರಾಲ್‌ಸ್ಟೋನಿಯಾದ ಲೋಳೆ ಕಡಿಮೆಯಾಯಿತು. ಅದೇ ದೇಶದಲ್ಲಿ 2015ರಲ್ಲಿ ಕೆಲವು ತಳಿಗಳು 16ರ ಬದಲು 14 ಇಂಗಾಲದ ಎಸ್ಟರ್ ಬಳಸುತ್ತವೆಂದೂ ತಿಳಿಯಿತು. ಒಂದೇ ಜಾತಿಯೊಳಗೂ ಎರಡು ನುಡಿ.

ಇವೆಲ್ಲ ನಮ್ಮ ಮಡಿಗೆ ಮದ್ದಾಗುವ ತನಕ ಈ ಕತೆ ಕಲಿಸುವ ಪಾಠ ಒಂದಿದೆ. ಲೋಟದಲ್ಲಿ ಬಿಳಿ ಎಳೆ ಕಾಣುವ ಹೊತ್ತಿಗೆ ಠರಾವು ಆಗಿಹೋಗಿರುತ್ತದೆ. ನೋಡಲು ಚೆಂದವಾಗಿರುವ ಬೀಜದ ಗೆಡ್ಡೆಯೊಳಗೂ ಕೋರಂ ತುಂಬದ ದುಂಡಾಣುಗಳು ಮೌನವಾಗಿ ಕೂತಿರಬಹುದು. ಹಾಗಾಗಿ ರೋಗ ಕಾಣದ ಹೊಲದ ಬೀಜ ತರಬೇಕು, ಶುಂಠಿ ಬೆಳೆದ ಜಾಗಕ್ಕೆ ಮರುವರ್ಷವೇ ಶುಂಠಿ ಹಾಕಬಾರದು, ಒಂದು ಮಡಿಯ ನೀರು ಇನ್ನೊಂದಕ್ಕೆ ಹರಿಯದಂತೆ ಬಸಿಗಾಲುವೆ ತೆಗೆಯಬೇಕು. ಹಿರಿಯ ಬೆಳೆಗಾರರು ಇದನ್ನೇ ಹೇಳುತ್ತಾ ಬಂದಿದ್ದಾರೆ. ಅವರ ಮಾತಿನ ಹಿಂದಿನ ಲೆಕ್ಕ ಈಗ ನಮಗೆ ಗೊತ್ತಾಗಿದೆ: 1 ಕೋಟಿ ತುಂಬುವ ಮೊದಲೇ ಸಭೆಯನ್ನು ಚದುರಿಸಬೇಕು.