ಸಾಯಲೆಂದೇ ಹುಟ್ಟುವ ಎರಡು ಸಾವಿರ ಕೋಶಗಳು

ಕೆರೆಯ ತಿಳಿನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿದರೆ, ಅದೃಷ್ಟವಿದ್ದಾಗ ಅರ್ಧ ಮಿಲಿಮೀಟರಿನಷ್ಟಿರುವ ಹಸಿರು ಗುಂಡುಗಳು ಉರುಳುರುಳುತ್ತ ಈಜುವುದು ಬರಿಗಣ್ಣಿಗೇ ಕಾಣುತ್ತದೆ. ಇದು ವಾಲ್ವಾಕ್ಸ್ ಎಂಬ ಪಾಚಿ. ಹಾಲೆಂಡಿನ ಲೇವನ್‌ಹುಕ್ 1700ರಲ್ಲೇ ಇದನ್ನು ಮಸೂರದಡಿ ಕಂಡಿದ್ದರು. ಇದರ ಒಂದು ಪ್ರಭೇದಕ್ಕೆ ಮುಂಬೈಯ ನಂಟೂ ಇದೆ. ಅಲ್ಲಿ ವೈದ್ಯರಾಗಿದ್ದ ಹೆನ್ರಿ ಜಾನ್ ಕಾರ್ಟರ್ 1859ರಲ್ಲಿ ವಾಲ್ವಾಕ್ಸ್‌ನ ಸಂತಾನೋತ್ಪತ್ತಿ ಕುರಿತು ಬರೆದರು. 1878ರಲ್ಲಿ ಸ್ಟೈನ್ ಎಂಬ ವಿಜ್ಞಾನಿ ಕಾರ್ಟರ್ ಹೆಸರನ್ನೇ ಇಟ್ಟು ಆ ಪ್ರಭೇದವನ್ನು ವಾಲ್ವಾಕ್ಸ್ ಕಾರ್ಟೆರಿ ಎಂದು ಕರೆದರು.

ಗುಂಡಿನ ಬಹುಪಾಲು ಬರೀ ಲೋಳೆ. ಹೊರಮೈಯಲ್ಲಿ ಸುಮಾರು 2000 ಪುಟ್ಟ ಕೋಶಗಳು, ಒಂದೊಂದಕ್ಕೂ ಈಜಲು ಚಾಟಿಯಂಥ ಎರಡೆರಡು ಕಶಾಂಗ. ಒಳಗೆ 16ರಷ್ಟು ದೊಡ್ಡ ಕೋಶಗಳು. ಪುಟ್ಟವು ಈಜುತ್ತವೆ, ಮರಿ ಮಾಡುವುದಿಲ್ಲ. ದೊಡ್ಡವು ಈಜುವುದಿಲ್ಲ, ಒಡೆದೊಡೆದು ಹೊಸ ಗುಂಡುಗಳಾಗುತ್ತವೆ. ಹಾಗೆ ರೂಪುಗೊಂಡ ಭ್ರೂಣದ ಕಶಾಂಗಗಳು ಮೊದಲು ಒಳಮುಖವಾಗಿರುತ್ತವೆ. ಆಗ ಇಡೀ ಭ್ರೂಣ, ಅಂಗಿಯ ತೋಳನ್ನು ಒಳಗಿಂದ ಹೊರಗೆ ಎಳೆದಂತೆ, ತನ್ನನ್ನೇ ಮಗುಚಿಕೊಳ್ಳುತ್ತದೆ!

ಮರಿಗಳು ಹೊರಬಿದ್ದ ಮೇಲೆ ತಾಯಿಗುಂಡಿನ ಪುಟ್ಟ ಕೋಶಗಳೆಲ್ಲ ಮುಪ್ಪಾಗಿ ಸಾಯುತ್ತವೆ. ನನಗೆ ಈ ಪಾಚಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಇದೇ. ಇದರ ಹತ್ತಿರದ ಬಂಧು ಕ್ಲಾಮಿಡೊಮೊನಾಸ್ ಒಂಟಿ ಕೋಶದ ಜೀವಿ. ಅದು ಒಡೆದು ಮರಿಗಳಾದಾಗ ಹೆಣವೇ ಉಳಿಯುವುದಿಲ್ಲ. ವಾಲ್ವಾಕ್ಸ್‌ನಲ್ಲಿ ಮಾತ್ರ ನಮ್ಮಂತೆಯೇ ವಯಸ್ಸಾಗಿ ಸಾಯುವ ದೇಹವಿದೆ. ಅಷ್ಟಾದರೂ ಇವೆರಡರ ಜೀನ್‌ಗಳ ಸಂಖ್ಯೆ ಹೆಚ್ಚುಕಮ್ಮಿ ಒಂದೇ ಎಂದು 2010ರಲ್ಲಿ ತಿಳಿಯಿತು. ರೆಗ್-ಎ ಎಂಬ ಒಂದೇ ಜೀನ್ ಕೆಟ್ಟರೆ ಸಾಕು, ಪುಟ್ಟ ಕೋಶಗಳು ಈಜುವ ಕೆಲಸ ಬಿಟ್ಟು ಹಿಗ್ಗಿ, ತಾವೂ ಮರಿ ಮಾಡತೊಡಗುತ್ತವೆ.

ನೀರಿರುವಷ್ಟು ಕಾಲ ಹೆಣ್ಣು-ಗಂಡಿನ ಗೊಡವೆಯಿಲ್ಲದೆ ಎರಡು ದಿನಕ್ಕೊಂದು ತಲೆಮಾರು ಹುಟ್ಟುತ್ತಿರುತ್ತದೆ. ಬೇಸಿಗೆಯಲ್ಲಿ ಹೊಂಡ ಬತ್ತುತ್ತ ನೀರು ಕಾದಾಗ ದಾರಿ ಬದಲಾಗುತ್ತದೆ. ಬಿಸಿ ತಗುಲಿದ ಗುಂಡುಗಳು ಒಂದು ಪ್ರೋಟೀನನ್ನು ನೀರಿಗೆ ಬಿಡುತ್ತವೆಂದು ವಿಜ್ಞಾನಿಗಳಾದ ಡೇವಿಡ್ ಕರ್ಕ್ ಮತ್ತು ಮೆರಿಲಿನ್ ಕರ್ಕ್ 1986ರಲ್ಲಿ ತೋರಿಸಿದರು. ಅದರ ಅತ್ಯಲ್ಪ ಅಂಶ ತಾಗಿದರೂ ಮುಂದಿನ ಪೀಳಿಗೆ ಅಂಡ, ವೀರ್ಯಾಣುಗಳನ್ನು ಹೊತ್ತು ಹುಟ್ಟುತ್ತದೆ. ಅವು ಕೂಡಿ ಆಗುವ ದಪ್ಪ ಚಿಪ್ಪಿನ ಬೀಜಕ ಕೆಸರು ಒಣಗಿದರೂ ಜೀವ ಹಿಡಿದಿದ್ದು, ನೀರು ಬಂದಾಗ ಮೊಳೆಯುತ್ತದೆ. ಕಾವನ್ನು ಗ್ರಹಿಸಿ ಆ ಪ್ರೋಟೀನನ್ನು ತಯಾರಿಸುವುದು, ತಮಗೆ ಸಂತಾನವೇ ಇಲ್ಲದ ಆ ಪುಟ್ಟ ಕೋಶಗಳು.