ಸೋಡಾ ಒಂದೇ, ರುಚಿ ಹಲವು!

ಏಪ್ರಿಲ್ ತಿಂಗಳ ಬಿರುಬಿಸಿಲು. ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ದುಂಡಸಿಯಂಥ ಊರಿನಲ್ಲಿ ಜಾತ್ರೆಗೆ ಬಂದವರು ಗಿರ್ಮಿಟ್ಟು, ಮಿರ್ಚಿಭಜಿ ತಿಂದು ಮುಗಿಸಿದ ಮೇಲೆ ನೆನಪಾಗುವುದು ಸೋಡಾ. ‘ಕಾಕಾ, ಜೋರ ಗ್ಯಾಸ್ ಇದ್ದದ್ದು ಒಂದ ಸೋಡಾ ಒಡದ ಕೊಡ್ರಿ’ ಎಂದು ಹುಡುಗ ಕೇಳುತ್ತಾನೆ. ಅಂಗಡಿಯವನು ಹೆಬ್ಬೆರಳಿನಿಂದ ಗೋಲಿಯನ್ನು ಒಳಕ್ಕೆ ಒತ್ತುತ್ತಾನೆ. ‘ಟಪ್’ ಎಂಬ ಸದ್ದು, ಬುಸುಗುಟ್ಟುವ ನೊರೆ, ಮೊದಲ ಗುಟುಕಿಗೇ ಮೂಗಿಗೆ ಏರುವ ಚುರುಕು!

ಅದೇ ಹುಡುಗ ಹುಬ್ಬಳ್ಳಿಗೆ ಹೋದಾಗ ಪ್ಲಾಸ್ಟಿಕ್ ಬಾಟಲಿಯಲ್ಲಿ, ಅಲ್ಯೂಮಿನಿಯಂ ಡಬ್ಬಿಯಲ್ಲಿ, ಸಿನಿಮಾ ಮಂದಿರದ ನಲ್ಲಿಯಿಂದ ಕಾಗದದ ಲೋಟಕ್ಕೆ ಬೀಳುವ ಪಾನೀಯಗಳನ್ನೂ ಕುಡಿದು ಬರುತ್ತಾನೆ. ‘ಒಂದೊಂದರ ರುಚಿ ಒಂದೊಂದು ಥರಾ ಇತ್ತು’ ಎನ್ನುತ್ತಾನೆ. ‘ಎಲ್ಲಾ ಒಂದ ಬಿಡೋ. ನೀರು, ಸಕ್ಕರಿ, ಗಾಳಿ’ ಎಂದು ಅಪ್ಪ ನಗುತ್ತಾನೆ. ಯಾರ ಮಾತು ಸರಿ? ಒಳಗಿರುವ ವಸ್ತುಗಳ ಮಟ್ಟಿಗೆ ಅಪ್ಪನದು ಸರಿ, ರುಚಿಯ ಮಟ್ಟಿಗೆ ಮಗನದು. ಏಕೆಂದರೆ ಸೋಡಾದ ರುಚಿ ಅದರಲ್ಲಿ ಏನಿದೆ ಎಂಬುದರ ಮೇಲಷ್ಟೇ ನಿಂತಿಲ್ಲ. ಒಳಗಿನ ಅನಿಲವನ್ನು ಹೇಗೆ ಹಿಡಿದಿಟ್ಟಿದ್ದಾರೆ ಎಂಬುದರ ಮೇಲೂ ನಿಂತಿದೆ.

ನೀರಿನಲ್ಲಿ ಬಂಧಿಯಾದ ಅನಿಲ

ಸೋಡಾದಲ್ಲಿರುವುದು ನಾವು ಉಸಿರಾಡಿ ಹೊರಬಿಡುವ ಇಂಗಾಲದ ಡೈಆಕ್ಸೈಡ್. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ವಿಜ್ಞಾನಿಯ ಮನೆಯ ಪಕ್ಕದಲ್ಲೇ ಬಿಯರ್ ತಯಾರಿಸುವ ಕಾರ್ಖಾನೆಯಿತ್ತು. ಅಲ್ಲಿ ಹುದುಗುವ ತೊಟ್ಟಿಗಳ ಮೇಲೆ ಸದಾ ಈ ಅನಿಲ ತುಂಬಿಕೊಂಡಿರುತ್ತಿತ್ತು. 1767ರಲ್ಲಿ ಆತ ತೊಟ್ಟಿಯ ಮೇಲ್ಭಾಗದಲ್ಲಿ ನೀರನ್ನಿಟ್ಟು, ಅನಿಲವು ಅದರಲ್ಲಿ ಕರಗಿ ನೀರಿಗೆ ಹಿತವಾದ ಹುಳಿ ಬರುವುದನ್ನು ಕಂಡ. 1783ರಲ್ಲಿ ಜಿನೀವಾದ ಯಾಕೋಬ್ ಶ್ವೆಪ್ ಸೋಡಾ ನೀರನ್ನು ತಯಾರಿಸಿ ಮಾರುವ ಉದ್ಯಮ ಆರಂಭಿಸಿದ.

ಅನಿಲ ಎಷ್ಟು ಕರಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಹೆಚ್ಚು ಅನಿಲ ಕರಗುತ್ತದೆ ಎಂದು ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿಕೊಟ್ಟ. ವಿದ್ಯಾರ್ಥಿಗಳು ರಸಾಯನಶಾಸ್ತ್ರದಲ್ಲಿ ಓದುವ ಹೆನ್ರಿಯ ನಿಯಮ ಇದೇ. ತಾಪಮಾನದ ಪ್ರಭಾವ ಇದಕ್ಕೆ ವಿರುದ್ಧ. ಸಾಮಾನ್ಯ ವಾಯುಭಾರದಲ್ಲಿ 0 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 1.7 ಲೀಟರ್ ಅನಿಲವನ್ನು ಕರಗಿಸಿಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಸುಮಾರು 0.66 ಲೀಟರ್ ಮಾತ್ರ. ತಣ್ಣಗಿನ ಸೋಡಾ ಚುರುಕಾಗಿರುವುದೂ ಬಿಸಿಲಲ್ಲಿಟ್ಟ ಸೋಡಾ ತೆರೆದೊಡನೆ ಉಕ್ಕಿ ಸಪ್ಪೆಯಾಗುವುದೂ ಇದರಿಂದಲೇ. ಮುಚ್ಚಿದ ಬಾಟಲಿಯನ್ನು 4 ಡಿಗ್ರಿಯಿಂದ 30 ಡಿಗ್ರಿಗೆ ತಂದರೆ ಒಳಗಿನ ಒತ್ತಡ ಇಮ್ಮಡಿಯನ್ನೂ ಮೀರುತ್ತದೆ. ಆದ್ದರಿಂದ ಗಾಜಿನ ಸೋಡಾ ಬಾಟಲಿಗಳನ್ನು ಬಿಸಿಲಿನಲ್ಲಿ ಇಡಬಾರದು, ಮಕ್ಕಳು ಅಲುಗಾಡಿಸಿ ಆಡಬಾರದು.

ಗೋಲಿಯ ಜಾಣತನ

ಈ ಅನಿಲವನ್ನು ಬಾಟಲಿಯಲ್ಲಿ ಹಿಡಿದಿಡುವುದೇ ಹಿಂದೆ ದೊಡ್ಡ ತಲೆನೋವಾಗಿತ್ತು. ಬೆಂಡಿನ ಬಿರಡೆ ಒಣಗಿದರೆ ಅನಿಲ ಸೋರುತ್ತಿತ್ತು. ಲಂಡನ್ನಿನ ಹೈರಮ್ ಕಾಡ್ ಎಂಬ ಎಂಜಿನಿಯರ್ ಒಂದು ಉಪಾಯ ಹುಡುಕಿ 1872ರಲ್ಲಿ ಪೇಟೆಂಟ್ ಪಡೆದ. ಬಾಟಲಿಯ ಕತ್ತಿನಲ್ಲಿ ಒಂದು ಗಾಜಿನ ಗೋಲಿ, ಬಾಯಿಯ ಒಳಗೆ ಒಂದು ರಬ್ಬರ್ ಉಂಗುರ, ಅಷ್ಟೇ. ಬಾಟಲಿಯನ್ನು ತಲೆಕೆಳಗು ಮಾಡಿ ಅನಿಲ ತುಂಬಿದಾಗ ಗೋಲಿ ಬಾಯಿಗೆ ಬರುತ್ತದೆ. ಒಳಗಿನ ಒತ್ತಡವೇ ಅದನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಹೊರಬರಲು ಹವಣಿಸುವ ಅನಿಲವೇ ಬಾಗಿಲನ್ನೂ ಭದ್ರಪಡಿಸುತ್ತದೆ! ಕತ್ತಿನಲ್ಲಿರುವ ತಗ್ಗುಗಳೂ ಸುಮ್ಮನೆ ಮಾಡಿದವಲ್ಲ. ಕುಡಿಯುವಾಗ ಗೋಲಿ ಮತ್ತೆ ಬಾಯಿಗೆ ಉರುಳಿ ಬಾರದಂತೆ ಅವು ತಡೆಯುತ್ತವೆ.

1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ತಗಡಿನ ಬಿಲ್ಲೆ ಮುಚ್ಚಳಕ್ಕೆ ಪೇಟೆಂಟ್ ಪಡೆದ ಮೇಲೆ ಪಶ್ಚಿಮ ದೇಶಗಳಲ್ಲಿ ಗೋಲಿ ಬಾಟಲಿ ಕ್ರಮೇಣ ಮರೆಯಾಯಿತು. ನಮ್ಮಲ್ಲಿ ಉಳಿಯಿತು. ಒಂದು ಕೈಯಂತ್ರ, ಒಂದು ಅನಿಲದ ಸಿಲಿಂಡರ್, ತೊಳೆದು ಮತ್ತೆ ಮತ್ತೆ ತುಂಬಬಹುದಾದ ಬಾಟಲಿಗಳು ಇದ್ದರೆ ಸಣ್ಣ ಊರಿನಲ್ಲೂ ಒಂದು ಕುಟುಂಬ ಸೋಡಾ ತಯಾರಿಸಿ ಬದುಕಬಹುದಿತ್ತು. 1977ರಲ್ಲಿ ಭಾರತ ಬಿಟ್ಟಿದ್ದ ಕೋಕಾ ಕೋಲಾ 1993ರಲ್ಲಿ ಮರಳಿತು. ಪ್ಲಾಸ್ಟಿಕ್ ಬಾಟಲಿಗಳು ಹಳ್ಳಿಯಂಗಡಿಗೂ ಬಂದವು. ಗೋಲಿ ಸೋಡಾ ಹಿಂದೆ ಸರಿಯಿತಾದರೂ ಅಳಿಯಲಿಲ್ಲ. 2025ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯದ ‘ಅಪೆಡಾ’ ಸಂಸ್ಥೆಯ ಬೆಂಬಲದಿಂದ ‘ಗೋಲಿ ಪಾಪ್ ಸೋಡಾ’ ಎಂಬ ಹೆಸರಿನಲ್ಲಿ ಅದು ಕೊಲ್ಲಿ ದೇಶಗಳಿಗೂ ಹೊರಟಿತು.

ಚುರುಕು ರುಚಿಯೇ, ನೋವೇ?

ಸೋಡಾ ಕುಡಿದಾಗ ಗುಳ್ಳೆಗಳೇ ನಾಲಿಗೆಯನ್ನು ಚುಚ್ಚುತ್ತವೆ ಎಂದು ಅನೇಕರ ನಂಬಿಕೆ. ನಿಜ ಸಂಗತಿ ಬೇರೆ. ಬಾಯಿಯಲ್ಲಿರುವ ಒಂದು ಕಿಣ್ವವು ಇಂಗಾಲದ ಡೈಆಕ್ಸೈಡನ್ನು ಬೇಗನೆ ಆಮ್ಲವಾಗಿ ಮಾರ್ಪಡಿಸುತ್ತದೆ. ಹುಳಿಯನ್ನು ಗುರುತಿಸುವ ಜೀವಕೋಶಗಳೇ ಸೋಡಾವನ್ನೂ ಗುರುತಿಸುತ್ತವೆ ಎಂದು ಅಮೆರಿಕದ ಚಾರ್ಲ್ಸ್ ಝುಕರ್ ಮತ್ತು ಸಂಗಡಿಗರು 2009ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಚುರುಕಿನ ಅನುಭವವಂತೂ ನೋವನ್ನು ತಿಳಿಸುವ ನರದ ಕೆಲಸ. ಗುಳ್ಳೆ ಏಳದಷ್ಟು ಹೆಚ್ಚಿನ ಒತ್ತಡದ ಕೋಣೆಯಲ್ಲಿ ಸೋಡಾ ಕುಡಿದವರಿಗೂ ಅದೇ ಚುರುಕು ತಿಳಿಯಿತೆಂದು ಅಮೆರಿಕದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ವರದಿ ಮಾಡಿದರು.

ಇದು ಹಾವೇರಿ ಜಿಲ್ಲೆಯವರಿಗೆ ಹೊಸದೇನಲ್ಲ. ಬ್ಯಾಡಗಿ ಮೆಣಸಿನಕಾಯಿಯ ಊರಿನವರಿಗೆ ಖಾರದ ಸುಖ ಗೊತ್ತು. ಖಾರವೂ ನಿಜವಾಗಿ ರುಚಿಯಲ್ಲ, ಹಿತವಾದ ಉರಿ. ಸೋಡಾದ ಚುರುಕೂ ಅದೇ ಜಾತಿಯದು. ಮಿರ್ಚಿಭಜಿಯ ಜೊತೆಗೆ ಸೋಡಾ ಬೇಕೆನಿಸುವುದರಲ್ಲಿ ಆಶ್ಚರ್ಯವೇನಿದೆ?

ಬಾಟಲಿ, ಡಬ್ಬಿ, ನಲ್ಲಿ

ಈಗ ಹುಡುಗನ ಮಾತಿಗೆ ಬರೋಣ. ಗಾಜಿನ ಮೂಲಕ ಅನಿಲ ಹಾಯುವುದಿಲ್ಲ. ಪಾನೀಯಕ್ಕೆ ಗಾಜಿನ ವಾಸನೆಯೂ ಇಲ್ಲ. ಮುಚ್ಚಳ ಅಥವಾ ರಬ್ಬರ್ ಸರಿಯಾಗಿದ್ದರೆ ಚುರುಕು ಬಹುಕಾಲ ನಿಲ್ಲುತ್ತದೆ. ಪ್ಲಾಸ್ಟಿಕ್ ಬಾಟಲಿಯ ಗೋಡೆಯ ಮೂಲಕ ಅನಿಲ ನಿಧಾನವಾಗಿ ನುಸುಳಿ ಹೋಗುತ್ತದೆ. ಸಣ್ಣ ಬಾಟಲಿಯಲ್ಲಿ ಒಳಗಿನ ದ್ರವಕ್ಕೆ ಹೋಲಿಸಿದರೆ ಗೋಡೆಯ ವಿಸ್ತೀರ್ಣ ಹೆಚ್ಚು, ಹಾಗಾಗಿ ಅದು ಬೇಗ ಸಪ್ಪೆಯಾಗುತ್ತದೆ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತ ಸಣ್ಣ ಬಾಟಲಿಯ ರುಚಿ ಮಂಕಾಗಿರುವುದು ಕಲ್ಪನೆಯಲ್ಲ.

ಡಬ್ಬಿಯೊಳಗೆ ಲೋಹವು ಪಾನೀಯಕ್ಕೆ ತಾಗದಂತೆ ತೆಳುವಾದ ಲೇಪನವಿರುತ್ತದೆ. ಆದರೆ ತುಟಿ ತಾಗುವುದು ಹೊರಗಿನ ಲೋಹಕ್ಕೆ. ಅಲ್ಯೂಮಿನಿಯಂ ಬೇಗ ತಂಪಾಗುತ್ತದೆ, ಕೈಯಲ್ಲಿ ಹಿಡಿದರೆ ಬೇಗ ಬೆಚ್ಚಗೂ ಆಗುತ್ತದೆ. ಇನ್ನು ನಲ್ಲಿಯ ಪಾನೀಯ ಕಾರ್ಖಾನೆಯಿಂದ ಸಿದ್ಧವಾಗಿ ಬಂದದ್ದಲ್ಲ. ಅಂಗಡಿಯಲ್ಲೇ ಸುಮಾರು ಐದು ಪಾಲು ಸೋಡಾ ನೀರಿಗೆ ಒಂದು ಪಾಲು ಸಕ್ಕರೆ ಪಾಕ ಬೆರೆಯುತ್ತದೆ. ಪಾಕದ ಪ್ರಮಾಣ ತಪ್ಪಿದರೂ, ನೀರು ಬದಲಾದರೂ, ಲೋಟದ ಮಂಜುಗಡ್ಡೆ ಕರಗಿದರೂ ರುಚಿ ಬದಲಾಗುತ್ತದೆ.

ಸಕ್ಕರೆಗೆ ಮುಸುಕು

ಪಾಲಕರು ಗಮನಿಸಬೇಕಾದ ಸಂಗತಿ ಇಲ್ಲಿದೆ. ಅನಿಲ ಹೋದ, ಬೆಚ್ಚಗಿನ ಕೋಲಾವನ್ನು ಕುಡಿದು ನೋಡಿ. ನಾಲಿಗೆಗೆ ಅಂಟುವಷ್ಟು ಸಿಹಿ! ಸಕ್ಕರೆ ಮೊದಲೂ ಅಷ್ಟೇ ಇತ್ತು. ತಂಪು, ಹುಳಿ, ಚುರುಕು ಮೂರೂ ಸೇರಿ ಅದನ್ನು ಮರೆಮಾಡಿದ್ದವು. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆಯಿರುತ್ತದೆ, ಅಂದರೆ ಆರೇಳು ಟೀ ಚಮಚ. ಚಹಾಕ್ಕೆ ಇಷ್ಟು ಸಕ್ಕರೆ ಹಾಕಿದರೆ ಯಾವ ಮಗುವೂ ಕುಡಿಯದು. ಸಕ್ಕರೆ ಮತ್ತು ಆಮ್ಲ ಎರಡೂ ಹಲ್ಲಿನ ಎನಾಮಲ್‌ಗೆ ಶತ್ರುಗಳು.

ಸಕ್ಕರೆಯಿಲ್ಲದ ಸಾದಾ ಸೋಡಾಕ್ಕೆ ಸಕ್ಕರೆಯ ದೋಷವಿಲ್ಲ. ಆದರೆ ಅದಕ್ಕೆ ಬಳಸಿದ ನೀರು ಶುದ್ಧವಾಗಿರಬೇಕು, ಬಾಟಲಿ ಚೆನ್ನಾಗಿ ತೊಳೆದಿರಬೇಕು. ಅನಿಲ ತುಂಬಿದ ಮಾತ್ರಕ್ಕೆ ಕೊಳಕು ನೀರು ಶುದ್ಧವಾಗದು. ಗೋಲಿಯ ಸುತ್ತ, ರಬ್ಬರಿನ ಸಂದಿಯಲ್ಲಿ ಕೊಳೆ ಕೂತಿದೆಯೇ ಎಂದು ನೋಡಿ ಕೊಳ್ಳುವುದು ಒಳ್ಳೆಯದು. ಸೋಡಾ ಕುಡಿದಾಗ ಬರುವ ತೇಗು ಅಜೀರ್ಣ ಹೋದುದರ ಗುರುತೂ ಅಲ್ಲ. ಒಳಗೆ ಹೋದ ಅನಿಲ ಹೊರಬಂತು, ಅಷ್ಟೇ.

ಮನೆಯಲ್ಲಿ ಮಾಡಿ ನೋಡಿ

ಒಂದೇ ಕಂಪನಿಯ ಸಾದಾ ಸೋಡಾದ ಮೂರು ಬಾಟಲಿ ತನ್ನಿ. ಒಂದನ್ನು ಹಿಂದಿನ ದಿನವೇ ತೆರೆದು ಫ್ರಿಜ್‌ನಲ್ಲಿಡಿ. ಎರಡನೆಯದನ್ನು ತೆರೆಯದೆ ತಂಪು ಮಾಡಿ. ಮೂರನೆಯದನ್ನು ತೆರೆಯದೆ ಹೊರಗಿನ ನೆರಳಿನಲ್ಲಿಡಿ. ಮರುದಿನ ಒಂದೇ ಬಗೆಯ ಲೋಟಗಳಿಗೆ ಸುರಿದು, ಮನೆಯವರ ಕಣ್ಣಿಗೆ ಬಟ್ಟೆ ಕಟ್ಟಿ ಒಂದೊಂದು ಗುಟುಕು ಕೊಡಿ. ಯಾವುದು ಹೆಚ್ಚು ಚುರುಕು ಎಂದು ಬರೆದುಕೊಳ್ಳಿ. ನಂತರ ಒಂದೇ ಬಾಟಲಿಯ ಸೋಡಾವನ್ನು ಸ್ಟೀಲು, ಗಾಜು, ಪ್ಲಾಸ್ಟಿಕ್ ಲೋಟಗಳಿಗೆ ಸುರಿದು, ಮೊದಲು ಕಣ್ಣು ಕಟ್ಟಿ, ಆಮೇಲೆ ಕಣ್ಣು ಬಿಟ್ಟು ಪರೀಕ್ಷಿಸಿ. ಎರಡೂ ಉತ್ತರ ಹೊಂದುತ್ತವೆಯೇ? ಹೊಂದದಿದ್ದರೆ ರುಚಿಯಲ್ಲಿ ಕಣ್ಣಿನ ಪಾಲೂ ಉಂಟೆಂದು ತಿಳಿಯುತ್ತದೆ.

ಅಪ್ಪ ಮಗನ ವಾದ ಇಷ್ಟಕ್ಕೆ ಮುಗಿಯದಿರಬಹುದು. ಮುಗಿಯದಿದ್ದರೂ ಚಿಂತೆಯಿಲ್ಲ. ಮುಂದಿನ ಜಾತ್ರೆಯಲ್ಲಿ ಗೋಲಿ ‘ಟಪ್’ ಎಂದಾಗ, ಇನ್ನೂರು ವರ್ಷಕ್ಕೂ ಹಳೆಯದಾದ ಹೆನ್ರಿಯ ನಿಯಮ ತಮ್ಮ ಕಣ್ಣೆದುರೇ ಕೆಲಸ ಮಾಡಿತೆಂದು ಇಬ್ಬರಿಗೂ ಹೊಳೆದರೆ ಸಾಕು.