ಸೊಳ್ಳೆ ಕಚ್ಚಿದರೆ ಏಡ್ಸ್ ಬಂದೀತೆ?



ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳ ನಡುವೆ ಬೆಳೆದ ನಿಮಗೆ ಸೊಳ್ಳೆಯ ಪರಿಚಯ ಹೊಸದಲ್ಲ. ಮಳೆಗಾಲ ಬಂತೆಂದರೆ ಡೆಂಗೆ, ಮಲೇರಿಯಾಗಳ ಮಾತು ಮನೆಮನೆಯಲ್ಲಿ. ಹಾಗಾದರೆ, ಎಚ್.ಐ.ವಿ. ಸೋಂಕಿತರನ್ನು ಕಚ್ಚಿದ ಸೊಳ್ಳೆ ನಮ್ಮನ್ನೂ ಕಚ್ಚಿದರೆ? ತರಗತಿಯಲ್ಲಿ ಧೈರ್ಯವಾಗಿ ಕೇಳಬೇಕಾದ ಪ್ರಶ್ನೆಯಿದು. ಉತ್ತರ: ಸೋಂಕು ತಗಲುವುದಿಲ್ಲ.

ಡೆಂಗೆಯ ವೈರಾಣು ಸೊಳ್ಳೆಯ ದೇಹದಲ್ಲಿ ವೃದ್ಧಿಯಾಗಿ, ಅದರ ಜೊಲ್ಲಿನ ಮೂಲಕ ನಮ್ಮ ಮೈ ಸೇರುತ್ತದೆ. ಎಚ್.ಐ.ವಿ. ವೃದ್ಧಿಯಾಗಲು ಮನುಷ್ಯನ ಸಿ.ಡಿ.4 ಎಂಬ ಬಿಳಿ ರಕ್ತಕಣಗಳು ಬೇಕು. ಸೊಳ್ಳೆಯಲ್ಲಿ ಅವಿಲ್ಲ. ಹೀರಿದ ರಕ್ತದೊಡನೆ ವೈರಾಣುವೂ ಅದರ ಹೊಟ್ಟೆಯಲ್ಲೇ ನಾಶವಾಗುತ್ತದೆ.

ಎಚ್.ಐ.ವಿ. ಮತ್ತು ಏಡ್ಸ್ ಒಂದೇ ಅಲ್ಲ. ಎಚ್.ಐ.ವಿ. ಎಂಬುದು ವೈರಾಣು. ಅದು ನಮ್ಮ ದೇಹದ ಕಾವಲುಗಾರರಾದ ಸಿ.ಡಿ.4 ಕಣಗಳನ್ನೇ ವರ್ಷಗಟ್ಟಲೆ ನಾಶಮಾಡುತ್ತ ಹೋದಾಗ, ಕ್ಷಯದಂಥ ರೋಗಗಳು ಸುಲಭವಾಗಿ ಮುತ್ತುವ ಕೊನೆಯ ಹಂತವೇ ಏಡ್ಸ್. ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ.

ಸೋಂಕು ಹರಡುವ ಮುಖ್ಯ ದಾರಿಗಳು ನಾಲ್ಕು: ಸೋಂಕಿತರೊಡನೆ ಸುರಕ್ಷಿತವಲ್ಲದ ಲೈಂಗಿಕ ಸಂಪರ್ಕ; ಒಬ್ಬರು ಬಳಸಿದ ಸಿರಿಂಜು, ಸೂಜಿಯನ್ನು ಇನ್ನೊಬ್ಬರು ಬಳಸುವುದು; ಪರೀಕ್ಷಿಸದ ರಕ್ತವನ್ನು ಪಡೆಯುವುದು; ಸೋಂಕಿತ ತಾಯಿಯಿಂದ ಮಗುವಿಗೆ ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನಿಂದ. ಒಂದೇ ಬೆಂಚಿನಲ್ಲಿ ಕೂತರೆ, ಬುತ್ತಿ ಹಂಚಿಕೊಂಡರೆ, ಬಸ್ಸಿನಲ್ಲಿ ಒತ್ತಿ ನಿಂತರೆ ಹರಡುವುದಿಲ್ಲ. ಶಿಬಿರದಲ್ಲಿ ಹೊಸ ಸೂಜಿಯಿಂದ ರಕ್ತದಾನ ಮಾಡಿದರೂ ಭಯವಿಲ್ಲ.

ಚಿಕಿತ್ಸೆ ಇದೆಯೇ? ಇದೆ. ವೈರಾಣುವನ್ನು ದೇಹದಿಂದ ಪೂರ್ತಿ ತೊಲಗಿಸುವ ಔಷಧಿ ಸಾಮಾನ್ಯ ಬಳಕೆಗೆ ಬಂದಿಲ್ಲ. ಅದನ್ನು ಹತೋಟಿಯಲ್ಲಿಡುವ ಎ.ಆರ್.ಟಿ. ಮಾತ್ರೆಗಳು 2004ರಿಂದ ಸರ್ಕಾರದ ವತಿಯಿಂದ ಉಚಿತವಾಗಿ ದೊರೆಯುತ್ತಿವೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಎ.ಆರ್.ಟಿ. ಕೇಂದ್ರವಿದೆ. ದಿನವೂ ತಪ್ಪದೆ ಮಾತ್ರೆ ನುಂಗಿ, ರಕ್ತಪರೀಕ್ಷೆಯಲ್ಲಿ ವೈರಾಣು ಕಾಣದಷ್ಟು ಕುಗ್ಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದಲೂ ಸೋಂಕು ಹರಡುವುದಿಲ್ಲ. ಯಾವ ಚಿಕಿತ್ಸೆಯೂ ಇಲ್ಲದಾಗ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ಶೇಕಡಾ 15ರಿಂದ 45. ಸಕಾಲಿಕ ಚಿಕಿತ್ಸೆಯಿಂದ ಇದು ಶೇಕಡಾ 5ಕ್ಕಿಂತ ಕೆಳಗಿಳಿಯುತ್ತದೆ.

ಇಷ್ಟನ್ನು ಶಾಲೆಯಲ್ಲಿ ಹೇಳುವುದು ಸುಲಭವಾಗಿರಲಿಲ್ಲ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ತಡೆ ಬಿತ್ತು. ಮಕ್ಕಳು ಕೆಟ್ಟಾರು ಎಂಬುದು ಹಿರಿಯರ ಅಂಜಿಕೆ. ಆದರೆ ಮೇಷ್ಟ್ರು ಹೇಳದಿದ್ದರೆ ಪ್ರಶ್ನೆ ಸುಮ್ಮನಿರುವುದಿಲ್ಲ. ಅದು ಗಾಳಿಸುದ್ದಿಯ ಬಳಿ ಉತ್ತರ ಹುಡುಕುತ್ತದೆ. ಗಾಳಿಸುದ್ದಿಯ ಮೊದಲ ಬಲಿ ಸೋಂಕಿನೊಂದಿಗೆ ಹುಟ್ಟಿದ ಮಗು. ಅದರ ಪಕ್ಕ ಯಾರೂ ಕೂರುವುದಿಲ್ಲ.

2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಸೋಂಕಿನ ಕಾರಣಕ್ಕೆ ಯಾರಿಗೂ ಶಾಲೆಯಲ್ಲಾಗಲಿ, ಉದ್ಯೋಗದಲ್ಲಾಗಲಿ ಭೇದ ಮಾಡುವಂತಿಲ್ಲ ಎನ್ನುತ್ತದೆ ಅದು. ಆದರೆ ಪಕ್ಕದಲ್ಲಿ ಕೂರುವ ಗೆಳೆಯನನ್ನು ಕಾಯಿದೆ ಕೊಡಲಾರದು. ಅದು ನಿಮ್ಮಿಂದಲೇ ಆಗಬೇಕು.

ಸಂದೇಹವಿದ್ದರೆ ವಿಜ್ಞಾನದ ಅಧ್ಯಾಪಕರನ್ನು ಕೇಳಿ. ಸಂಕೋಚವೆನಿಸಿದರೆ 1097ಕ್ಕೆ ಫೋನ್ ಮಾಡಿ. ಹೆಸರು ಹೇಳಬೇಕಾಗಿಲ್ಲ, ಕರೆಗೆ ಹಣವಿಲ್ಲ.